ಶಿಕ್ಷಣ ಸಾಲ: ಸಮೀಕ್ಷೆಗಳು ಹೇಳುವುದೇನು, ಕುಟುಂಬಗಳು ತಿಳಿಯಬೇಕಾದುದೇನು

ಉನ್ನತ ಶಿಕ್ಷಣದ ಶುಲ್ಕ ಏರುತ್ತಿರುವಂತೆ ಬ್ಯಾಂಕಿನ ಶಿಕ್ಷಣ ಸಾಲ ಅನೇಕ ಕುಟುಂಬಗಳಿಗೆ ಅನಿವಾರ್ಯವಾಗಿದೆ. ಈ ಸಾಲ ಪಡೆಯುವಾತ ಬಹುತೇಕ ಆಗತಾನೇ ಪ್ರಾಪ್ತ ವಯಸ್ಸಿಗೆ ಬಂದ, ಸ್ವಂತ ಆದಾಯವಿಲ್ಲದ ವಿದ್ಯಾರ್ಥಿ. ಸಹ-ಸಾಲಗಾರರಾಗಿ ಸಹಿ ಹಾಕುವವರು ತಂದೆ ಅಥವಾ ತಾಯಿ. ಮರುಪಾವತಿ ಆರಂಭವಾಗುವುದು ಹಲವು ವರ್ಷಗಳ ನಂತರವಾದರೂ ಸಾಲದ ನಿಜವಾದ ಭಾರ ನಿರ್ಧಾರವಾಗುವುದು ಮೊದಲ ಕಂತಿಗಿಂತ ಬಹಳ ಮೊದಲೇ. ಈ ಲೆಕ್ಕಾಚಾರ ಎಷ್ಟು ಮಂದಿಗೆ ತಿಳಿದಿದೆ ಎಂಬ ಪ್ರಶ್ನೆಗೆ ಸರ್ಕಾರಿ ಸಮೀಕ್ಷೆಗಳು ನೀಡುವ ಉತ್ತರ ಸಮಾಧಾನಕರವಾಗಿಲ್ಲ.

ಸಾಲದ ಗಣತಿ

ಭಾರತೀಯ ಕುಟುಂಬಗಳ ಸಾಲವನ್ನು ಅಳೆಯುವ ಕಾರ್ಯಕ್ಕೆ ಏಳು ದಶಕಗಳ ಇತಿಹಾಸವಿದೆ. ರಿಸರ್ವ್ ಬ್ಯಾಂಕ್ 1951-52ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯನ್ನು ನಡೆಸಿತು. ಕೃಷಿಕರು ಪಡೆಯುತ್ತಿದ್ದ ಸಾಲದಲ್ಲಿ ಸರ್ಕಾರ, ಸಹಕಾರ ಸಂಘ ಮತ್ತು ವಾಣಿಜ್ಯ ಬ್ಯಾಂಕುಗಳ ಒಟ್ಟು ಪಾಲು ಶೇ 7ರ ಆಸುಪಾಸಿನಲ್ಲಷ್ಟೇ ಇದೆ ಎಂಬುದು ಆಗ ಬೆಳಕಿಗೆ ಬಂತು. ಉಳಿದುದರ ಬಹುಪಾಲು ಲೇವಾದೇವಿಗಾರರ ಕೈಯಲ್ಲಿತ್ತು. ಮುಂದೆ 1971-72ರಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಭಾಗವಾಗಿ, ಸುಮಾರು ಹತ್ತು ವರ್ಷಗಳಿಗೊಮ್ಮೆ, ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆ ನಡೆದುಕೊಂಡು ಬಂದಿದೆ.

2019ರಲ್ಲಿ ನಡೆದ 77ನೇ ಸುತ್ತಿನ ಪ್ರಕಾರ ಗ್ರಾಮೀಣ ಪ್ರದೇಶದ ಶೇ 35ರಷ್ಟು ಹಾಗೂ ನಗರ ಪ್ರದೇಶದ ಶೇ 22.4ರಷ್ಟು ಕುಟುಂಬಗಳು ಸಾಲ ಹೊಂದಿದ್ದವು. ಪ್ರತಿ ಕುಟುಂಬದ ಸರಾಸರಿ ಸಾಲ ಗ್ರಾಮಗಳಲ್ಲಿ 59,748 ರೂ., ನಗರಗಳಲ್ಲಿ 1,20,336 ರೂ. ಬಾಕಿ ಸಾಲದಲ್ಲಿ ಬ್ಯಾಂಕು, ಸಹಕಾರ ಸಂಘ ಮುಂತಾದ ಸಾಂಸ್ಥಿಕ ಮೂಲಗಳ ಪಾಲು ಗ್ರಾಮಗಳಲ್ಲಿ ಶೇ 66, ನಗರಗಳಲ್ಲಿ ಶೇ 87. ಸಾಲದ ಮೂಲ ಬದಲಾಗಿದೆ ಎಂಬುದನ್ನು ಈ ಅಂಕಿಗಳು ಸ್ಪಷ್ಟಪಡಿಸುತ್ತವೆ. ಆದರೆ ಸಾಲದ ಷರತ್ತುಗಳನ್ನು ಓದಿ ಅರಿಯುವ ಸಾಮರ್ಥ್ಯ ಅದೇ ವೇಗದಲ್ಲಿ ಬೆಳೆದಂತಿಲ್ಲ.

ಸಾಕ್ಷರತೆಯ ಅಳತೆ

ರಿಸರ್ವ್ ಬ್ಯಾಂಕ್, ಸೆಬಿ, ವಿಮಾ ಪ್ರಾಧಿಕಾರ ಮತ್ತು ಪಿಂಚಣಿ ನಿಧಿ ಪ್ರಾಧಿಕಾರಗಳು ಜೊತೆಗೂಡಿ ಸ್ಥಾಪಿಸಿದ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರವು 2019ರಲ್ಲಿ ದೇಶದಾದ್ಯಂತ ಹಣಕಾಸು ಸಾಕ್ಷರತಾ ಸಮೀಕ್ಷೆ ನಡೆಸಿತು. ಜ್ಞಾನ, ನಡವಳಿಕೆ ಮತ್ತು ಮನೋಭಾವ ಎಂಬ ಮೂರು ವಿಭಾಗಗಳಲ್ಲೂ ಕನಿಷ್ಠ ಅಂಕ ಪಡೆದವರನ್ನು ಮಾತ್ರ ಸಾಕ್ಷರರೆಂದು ಪರಿಗಣಿಸಲಾಯಿತು. ಈ ಅಳತೆಯಲ್ಲಿ ಉತ್ತೀರ್ಣರಾದವರು ಶೇ 27ರಷ್ಟು ಮಂದಿ. 2013ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20 ಇತ್ತು. 2019ರಲ್ಲಿ ನಗರವಾಸಿಗಳಲ್ಲಿ ಶೇ 33 ಹಾಗೂ ಗ್ರಾಮೀಣರಲ್ಲಿ ಶೇ 24 ಮಂದಿ ಈ ಮಟ್ಟ ತಲುಪಿದ್ದರು. ಪುರುಷರಲ್ಲಿ ಶೇ 29, ಮಹಿಳೆಯರಲ್ಲಿ ಶೇ 21 ಮಂದಿ ಸಾಕ್ಷರರು.

ಇಂತಹ ಸಮೀಕ್ಷೆಗಳು ಸಾಮಾನ್ಯವಾಗಿ ಪರೀಕ್ಷಿಸುವ ವಿಷಯಗಳು ಸರಳ ಬಡ್ಡಿ, ಚಕ್ರಬಡ್ಡಿ, ಹಣದುಬ್ಬರ ಮತ್ತು ನಷ್ಟಸಂಭವ. ಶಿಕ್ಷಣ ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ತಿಳಿದಿರಬೇಕಾದುದೂ ಬಹುಪಾಲು ಇವೇ.

ಮಾದರಿ ಯೋಜನೆ

ಇಂದಿನ ಶಿಕ್ಷಣ ಸಾಲಕ್ಕೆ ಚೌಕಟ್ಟು ಒದಗಿದ್ದು 2001ರಲ್ಲಿ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷ ಆರ್.ಜೆ. ಕಾಮತ್ ನೇತೃತ್ವದ ಅಧ್ಯಯನ ತಂಡದ ಶಿಫಾರಸುಗಳನ್ನು ಆಧರಿಸಿ ಭಾರತೀಯ ಬ್ಯಾಂಕುಗಳ ಸಂಘವು ಮಾದರಿ ಯೋಜನೆಯನ್ನು ರೂಪಿಸಿತು. ಕಾಲಕಾಲಕ್ಕೆ ಪರಿಷ್ಕೃತಗೊಂಡ ಈ ಯೋಜನೆಯಂತೆ 4 ಲಕ್ಷ ರೂ.ವರೆಗಿನ ಸಾಲಕ್ಕೆ ಆಸ್ತಿಯ ಆಧಾರ ಕೇಳುವಂತಿಲ್ಲ. 2015ರಲ್ಲಿ ಆರಂಭವಾದ ಸಾಲ ಖಾತರಿ ನಿಧಿಯ ವ್ಯಾಪ್ತಿಗೆ ಒಳಪಟ್ಟರೆ 7.5 ಲಕ್ಷ ರೂ.ವರೆಗೂ ಆಸ್ತಿಯ ಆಧಾರವಾಗಲೀ ಮೂರನೆಯವರ ಜಾಮೀನಾಗಲೀ ಬೇಕಿಲ್ಲ. ಸಾಲ ವಸೂಲಾಗದಿದ್ದಲ್ಲಿ ಬಾಕಿಯ ಶೇ 75ರಷ್ಟನ್ನು ಆ ನಿಧಿ ಬ್ಯಾಂಕಿಗೆ ಭರಿಸಿಕೊಡುತ್ತದೆ. ಹಾಗೆಂದು ವಿದ್ಯಾರ್ಥಿಯ ಹೊಣೆ ಮುಗಿಯುವುದಿಲ್ಲ.

ಮಾದರಿ ಯೋಜನೆಯ ಪ್ರಕಾರ ವ್ಯಾಸಂಗದ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಬಡ್ಡಿರಹಿತ ಅವಧಿ ಎಂದು ಭಾವಿಸುವುದು ತಪ್ಪು. ಈ ಅವಧಿಯುದ್ದಕ್ಕೂ ಸರಳ ಬಡ್ಡಿ ಸೇರುತ್ತಲೇ ಇರುತ್ತದೆ. ಮರುಪಾವತಿ ಆರಂಭವಾಗುವಾಗ ಅದು ಅಸಲಿನೊಂದಿಗೆ ಕೂಡಿಕೊಳ್ಳುತ್ತದೆ. ಮರುಪಾವತಿಗೆ 15 ವರ್ಷಗಳವರೆಗೆ ಕಾಲಾವಕಾಶವಿದೆ.

ಒಂದು ಲೆಕ್ಕ

ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಶೇ 10ರ ಬಡ್ಡಿಯಲ್ಲಿ ನಾಲ್ಕು ವರ್ಷಗಳ ಕಾಲ ವರ್ಷಾರಂಭದಲ್ಲಿ ತಲಾ 1 ಲಕ್ಷ ರೂ. ಪಡೆಯುತ್ತಾನೆ ಎಂದಿಟ್ಟುಕೊಳ್ಳೋಣ. ಮರುಪಾವತಿ ಆರಂಭವಾಗುವುದು ಐದು ವರ್ಷಗಳ ನಂತರ. ಆ ಹೊತ್ತಿಗೆ ಮೊದಲ ಲಕ್ಷಕ್ಕೆ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000 ರೂ. ಬಡ್ಡಿ ಸೇರಿರುತ್ತದೆ. ಅಂದರೆ ಪಡೆದ ಸಾಲ 4 ಲಕ್ಷ ರೂ.; ತೀರಿಸಲು ಹೊರಡುವಾಗಿನ ಬಾಕಿ 5.4 ಲಕ್ಷ ರೂ.

ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ಮಾಸಿಕ ಕಂತು ಸುಮಾರು 7,136 ರೂ., ಒಟ್ಟು ಪಾವತಿ ಸುಮಾರು 8.56 ಲಕ್ಷ ರೂ. ಕಂತು ಹಗುರವಾಗಲೆಂದು 15 ವರ್ಷಗಳ ಅವಧಿ ಆರಿಸಿಕೊಂಡರೆ ಕಂತು ಸುಮಾರು 5,800 ರೂ.ಗೆ ಇಳಿಯುತ್ತದೆ, ಒಟ್ಟು ಪಾವತಿ 10.4 ಲಕ್ಷ ರೂ. ದಾಟುತ್ತದೆ. ವ್ಯಾಸಂಗದ ಅವಧಿಯಲ್ಲೇ ಬಡ್ಡಿ ಕಟ್ಟುತ್ತಾ ಬಂದು ಹತ್ತು ವರ್ಷಗಳಲ್ಲಿ ತೀರಿಸಿದ ಕುಟುಂಬಕ್ಕೆ, ಆ ಬಡ್ಡಿಯೂ ಸೇರಿ, ಆಗುವ ಒಟ್ಟು ವೆಚ್ಚ ಸುಮಾರು 7.74 ಲಕ್ಷ ರೂ. ಹೀಗೆ ಕಟ್ಟುವವರಿಗೆ ಬಡ್ಡಿದರದಲ್ಲಿ ಶೇ 1ರ ರಿಯಾಯಿತಿ ನೀಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಅದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಬಡ್ಡಿ ಸಹಾಯಧನ

ಮೇಲಿನ ಉದಾಹರಣೆಯ 1.4 ಲಕ್ಷ ರೂ. ಬಡ್ಡಿಯನ್ನು ಸರ್ಕಾರವೇ ಭರಿಸುವ ಯೋಜನೆಯೂ ಇದೆ. 2009ರಲ್ಲಿ ಜಾರಿಗೆ ಬಂದ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯು ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರದ ಕುಟುಂಬಗಳ, ತಾಂತ್ರಿಕ ಹಾಗೂ ವೃತ್ತಿಪರ ಕೋರ್ಸ್‌ಗಳ ವಿದ್ಯಾರ್ಥಿಗಳಿಗೆ ಅನ್ವಯಿಸುತ್ತದೆ. ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕ್. ಆದರೆ 2018ರ ಪರಿಷ್ಕರಣೆಯ ನಂತರ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯಂತಹ ಅರ್ಹತೆ ಇದ್ದರೆ ಮಾತ್ರ ಈ ಸೌಲಭ್ಯ ಲಭ್ಯ. ವ್ಯಾಸಂಗವನ್ನು ಅನಾರೋಗ್ಯದ ಹೊರತು ಬೇರೆ ಕಾರಣಕ್ಕೆ ನಡುವೆಯೇ ಕೈಬಿಟ್ಟರೂ ಸಹಾಯಧನ ಕೈತಪ್ಪುತ್ತದೆ. ಕಾಲೇಜು ಆರಿಸಿಕೊಳ್ಳುವಾಗ ಮಾನ್ಯತೆಯನ್ನು ವಿಚಾರಿಸದಿದ್ದರೆ ಅದರ ಬೆಲೆ ಲಕ್ಷ ರೂಪಾಯಿ ಮೀರಬಹುದು.

ನವೆಂಬರ್ 2024ರಲ್ಲಿ ಕೇಂದ್ರ ಸಂಪುಟ ಅನುಮೋದಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಆಧಾರರಹಿತ ಸಾಲ ಒದಗಿಸುತ್ತದೆ. ಆರಂಭದಲ್ಲಿ ಇಂತಹ 860 ಸಂಸ್ಥೆಗಳನ್ನು ಗುರುತಿಸಲಾಯಿತು. ವಾರ್ಷಿಕ ಆದಾಯ 8 ಲಕ್ಷ ರೂ.ವರೆಗಿನ, ಬೇರೆ ಬಡ್ಡಿ ನೆರವು ಪಡೆಯದ ಕುಟುಂಬಗಳ ವಿದ್ಯಾರ್ಥಿಗಳಿಗೆ 10 ಲಕ್ಷ ರೂ.ವರೆಗಿನ ಸಾಲಕ್ಕೆ, ಕಂತಿಲ್ಲದ ಅವಧಿಯಲ್ಲಿ, ಶೇ 3ರ ಬಡ್ಡಿ ರಿಯಾಯಿತಿ ಇದೆ. ವರ್ಷಕ್ಕೆ ಗರಿಷ್ಠ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ ಇದು ದೊರೆಯುತ್ತದೆ.

ಸಾಲಗಾರರ ಹಕ್ಕುಗಳು

ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ಚಿಲ್ಲರೆ ಅವಧಿ ಸಾಲಗಳಿಗೂ ಪ್ರಮುಖ ಅಂಶಗಳ ವಿವರಣಾ ಪತ್ರವನ್ನು ನೀಡುವುದು ಕಡ್ಡಾಯ. ಬಡ್ಡಿ ಮತ್ತು ಶುಲ್ಕಗಳೆಲ್ಲ ಸೇರಿ ತಗಲುವ ವಾರ್ಷಿಕ ದರ ಅದರಲ್ಲಿ ನಮೂದಾಗಿರಬೇಕು. ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂಬ ಷರತ್ತೂ ಇದೆ. ಕನ್ನಡ ಬಲ್ಲವರು ಕನ್ನಡದಲ್ಲಿ ಕೇಳಿ ಪಡೆಯಬಹುದು. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಿಧಿಸುವಂತಿಲ್ಲ.

ಕಂತು ತಪ್ಪಿದಲ್ಲಿ ಅದರ ದಾಖಲೆ ವಿದ್ಯಾರ್ಥಿಯ ಜೊತೆಗೆ ಸಹ-ಸಾಲಗಾರರಾದ ಪೋಷಕರ ಸಾಲ ಚರಿತ್ರೆಯಲ್ಲೂ ಮೂಡುತ್ತದೆ. ಪ್ರತಿ ಸಾಲ ಮಾಹಿತಿ ಸಂಸ್ಥೆಯಿಂದಲೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ಎಲ್ಲರಿಗೂ ಇದೆ. ಬ್ಯಾಂಕಿಗೆ ಲಿಖಿತ ದೂರು ನೀಡಿದ 30 ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಮೊರೆ ಹೋಗಬಹುದು.