ಚಳಿಗಾಲದಾಗ ಸೈಕಲ್ ಮ್ಯಾಲ ಹಳೆ ಬಂಡಿ ಹಾದಿ ಹುಡುಕೋದು

ಎಳ್ಳಮವಾಸಿ ಮುಗದೈತಿ, ಬಿಳಿಜೋಳ ತೆನಿ ಬಿಟ್ಟೈತಿ, ಕಬ್ಬಿನ ಗ್ಯಾಂಗ್ ಊರಾಗ ಇಳದಾವ. ಈ ದಿನದಾಗ ನೀರು ಹಾಯಿಸೋ ಪಾಳಿ ಇಲ್ಲದ ಮುಂಜಾನೆ ನಾ ಸೈಕಲ್ ತಗೊಂಡು ಅಲಖನೂರ ಬಿಟ್ಟು ಹಳೆ ಬಂಡಿ ಹಾದಿ ಹುಡುಕ್ಕೊಂತ ಹೋಗತೀನಿ. ಇದರಾಗ ಏನ್ ಐತಿ ಅಂತ ಭಾಳ ಮಂದಿ ಕೇಳತಾರ. ಅದಕ್ಕ ಇವತ್ತ ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಿದ್ದಾಗ ಓದ್ರಿ.

ಮೊದಲ ಚಳಿಗಾಲನ ಯಾಕ ಅಂತ ಹೇಳತೀನಿ. ಮಳಿಗಾಲದಾಗ ನಮ್ಮ ಎರಿ ಮಣ್ಣಿನ್ಯಾಗ ಸೈಕಲ್ ನಾಕ್ ಮಾರು ಹೋಗೂದ್ರೊಳಗ ಮಡಗಾರ್ಡಿಗೆ ಕೆಸರು ತುಂಬಿ ನಿಂತ ಬಿಡತೈತಿ. ಬ್ಯಾಸಗಿಯಾಗ ಬಿಸಲು ತಡಿಯಂಗಿಲ್ಲ. ಚಳಿಗಾಲದಾಗ ನೆಲ ಗಟ್ಟಿ ಇರತೈತಿ, ಕಬ್ಬು ಕಡದ ಮ್ಯಾಲ ದೂರದ ತನಕ ಕಣ್ಣಿಗೆ ಕಾಣತೈತಿ. ಇನ್ನೊಂದು ಮಾತು: ಮುಂಜಾನೆ ಸೂರ್ಯ ಇನ್ನೂ ಕೆಳಗ ಇದ್ದಾಗ ನೆಲದ ಸಣ್ಣ ತಗ್ಗಿಗೂ ನೆರಳು ಬೀಳತೈತಿ. ಮಧ್ಯಾಹ್ನ ಬರೇ ಹೊಲ ಅನಿಸಿದ್ದು ಮುಂಜಾನೆ ನೋಡಿದ್ರ ಎರಡು ಗಾಲಿ ಸವೆದ ಗುರುತು ಆಗಿ ಕಾಣತೈತಿ. ಬೈಕ್ ಮ್ಯಾಲ ಹೋದ್ರ ಇದು ತಿಳಿಯಂಗಿಲ್ಲ. ಸೈಕಲ್ ಆದ್ರ ಒಡ್ಡು ಅಡ್ಡ ಬಂದಾಗ ಹೆಗಲ ಮ್ಯಾಲ ಎತ್ಕೊಂಡು ದಾಟಬಹುದು. ಪಂಪು, ಪಂಕ್ಚರ್ ಸಾಮಾನು ಮಾತ್ರ ಮರೀಬ್ಯಾಡ್ರಿ, ಜಾಲಿ ಮುಳ್ಳು ಯಾರನ್ನೂ ಬಿಡಂಗಿಲ್ಲ.

ಈಗ ಹಾದಿ ಕತಿಗೆ ಬರೋಣ. ನಮ್ಮ ತಾಲೂಕಿನ ಊರು ರಾಯಬಾಗ ಇವತ್ತ ಸಣ್ಣ ಪ್ಯಾಟಿ. ಹಳೆ ಕಾಲಕ್ಕ ಅದರ ಹೆಸರು ಹೂವಿನಬಾಗೆ. ಸವದತ್ತಿ ರಟ್ಟರ ಕಾಲದ ಶಾಸನ, ಬಸದಿ ಅಲ್ಲಿ ಅದಾವ. ಪೂರ್ವಕ್ಕ ತೇರದಾಳದಾಗ 1123ರಲ್ಲಿ ಗೊಂಕ ಮಂಡಲಿಕ ನೇಮಿನಾಥ ಬಸದಿ ಕಟ್ಟಿಸಿದ. ಅಲ್ಲಿ ಶಾಸನದಾಗ ಅಯ್ಯಾವೊಳೆ ಐನೂರ್ವರು ಅನ್ನೋ ವ್ಯಾಪಾರಸ್ಥರ ಸಂಘದ ಹೆಸರು ಬರತೈತಿ. ವ್ಯಾಪಾರಸ್ಥರು ಬಂದಾರ ಅಂದ್ರ ಎತ್ತು, ಬಂಡಿ, ಹೇರು ಬಂದಾವ, ಹಾದಿ ಇತ್ತು ಅಂತನ ಅರ್ಥ.

ಮುಂದ ಆದಿಲಶಾಹಿ ಕಾಲ. ಮಂಡೆಲ್‌ಸ್ಲೋ ಅನ್ನೋ ಜರ್ಮನಿ ದೇಶದ ಪ್ರವಾಸಿ 1638-39ರಾಗ ಹಿಂದೂಸ್ತಾನಕ್ಕ ಬಂದಿದ್ದ. ಅವನ ಪುಸ್ತಕದಾಗ ಗೋವಾದಿಂದ ಬಿಜಾಪುರಕ್ಕ ಹೋಗೋ ಹಾದಿ ಮ್ಯಾಲಿನ ಊರುಗಳ ಹೆಸರು ಅದಾವ. ಘಟ್ಟದ ಕೆಳಗ ಬಾಂದಾ, ಬಿಜಾಪುರದ ಹಂತೇಕ ಟಿಕೋಟಾ, ನಡುವ ನಮ್ಮ ರಾಯಬಾಗ. ಬಿಜಾಪುರ ರಾಜಧಾನಿ, ಸಮುದ್ರ ಗೋವಾದಾಗ. ಹಂಗಾಗಿ ನಮ್ಮ ಭಾಗದ ದೊಡ್ಡ ಹಾದಿ ಆಗ ಪಶ್ಚಿಮದಿಂದ ಪೂರ್ವಕ್ಕ ಹರೀತಿತ್ತು.

ಆಮ್ಯಾಲ ರಾಜ್ಯಗಳು ಒಡದ್ವು. ಬ್ರಿಟಿಷರ ಕಾಲಕ್ಕ ಚಿಕ್ಕೋಡಿ, ಅಥಣಿ ಅವರ ಕೈಯಾಗ, ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕ, ತೇರದಾಳ ಸಾಂಗ್ಲಿಗೆ, ಜಮಖಂಡಿ ಅಲ್ಲಿಯ ಪಟವರ್ಧನರಿಗೆ. ಒಂದ ದಿನದ ಬಂಡಿ ಪ್ರಯಾಣದಾಗ ಎರಡ ಮೂರು ರಾಜ್ಯ ದಾಟೂದು! ಆದ್ರ ಎತ್ತಿಗೆ ಗಡಿ ಗೊತ್ತಿಲ್ಲ. ಸಂತಿ ಎಲ್ಲಿ, ನೀರು ಎಲ್ಲಿ, ಬೀಗರು ಎಲ್ಲಿ, ದೇವರು ಎಲ್ಲಿ, ಹಾದಿ ಅಲ್ಲಿಗೆ ಹೋಗತಿತ್ತು.

ಹಾದಿಯ ದಿಕ್ಕು ತಿರುಗಿಸಿದ್ದು ರೈಲು. 1887ರ ಸುಮಾರಿಗೆ ಬೆಳಗಾವಿಯಿಂದ ಮಿರಜಿಗೆ ಸದರ್ನ್ ಮರಾಠಾ ರೈಲ್ವೆ ಹಳಿ ಬಿತ್ತು. ಘಟಪ್ರಭಾ, ರಾಯಬಾಗ, ಚಿಂಚಲಿ, ಕುಡಚಿ ಎಲ್ಲಾ ಸ್ಟೇಷನ್ ಆದ್ವು. ಮಾಲು ಹೊತ್ತ ಬಂಡಿಗಳು ಸ್ಟೇಷನ್ ಕಡೆ ತಿರುಗಿದ್ವು, ಪೂರ್ವ-ಪಶ್ಚಿಮದ ಹಾದಿಗೆ ಗಿರಾಕಿ ಕಡಿಮಿ ಆತು. 1939ರಾಗ ಉಗಾರದ ಸಕ್ಕರಿ ಕಾರ್ಖಾನೆ ಬಂತು, ಮುಂದ ಇನ್ನೂ ಕಾರ್ಖಾನೆ ಆದ್ವು, ಕಬ್ಬು ಅತ್ತಾಗ ಹೊಂಟಿತು. ಘಟಪ್ರಭಾ ಎಡದಂಡೆ ಕಾಲುವಿ ಬಂದಾಗ ಎಷ್ಟೋ ಹಾದಿ ನಡುವ ತುಂಡಾದ್ವು. ಪೂಲು ಕಟ್ಟಿದಲ್ಲಿ ಹಾದಿ ಉಳೀತು, ಕಟ್ಟದಲ್ಲಿ ಸತ್ತಿತು. ನೀರು ಬಂದ ಮ್ಯಾಲ ಒಂದೊಂದು ಗುಂಟೆಗೂ ಬೆಲೆ ಬಂತು. ಹಾದಿ ಅಕ್ಕಪಕ್ಕದವ್ರು ವರ್ಷಕ್ಕ ಒಂದ ಸಾಲು ಒಳಗ ಗಳೆ ಹೊಡ್ಕೊಂತ ಹೋದ್ರು. ಹದಿನೈದು ವರ್ಷದಾಗ ಹಾದಿ ಹೋಗಿ ಒಡ್ಡು ಆತು.

ಎಲ್ಲಾ ಹೋಗಿಲ್ಲ ಮತ್ತ. ಭಾರತ ಹುಣ್ಣಿಮಿಗೆ ಚಿಂಚಲಿ ಮಾಯಕ್ಕನ ಜಾತ್ರಿ. ಮಹಾರಾಷ್ಟ್ರದ ಕಡೆಯಿಂದ ಇವತ್ತಿಗೂ ಮಂದಿ ಎತ್ತಿನ ಬಂಡಿ ಕಟಗೊಂಡು ಬರತಾರ. ರಾಜ್ಯ ಬದಲಾತು, ರೈಲು ಬಂತು, ಡಾಂಬರ ಬಂತು, ಆದ್ರ ದೇವಿಗೆ ಹೋಗೋ ಬಂಡಿ ನಿಂತಿಲ್ಲ. ಹಳೆ ಹಾದಿ ಹೆಂಗ ಜೀವ ಹಿಡ್ಕೊಂಡಿತ್ತು ಅಂತ ನೋಡಬೇಕಂದ್ರ ಆ ದಿನ ರಸ್ತೆ ಬಾಜೂಕ ನಿಂತು ನೋಡ್ರಿ.

ಹಳೆ ಹಾದಿಯ ಗುರುತು ಹೇಳತೀನಿ. ನೂರಾರು ವರ್ಷ ಗಾಲಿ ಉರುಳಿ, ಮಳಿ ನೀರು ಹರದು ಅದು ಅಕ್ಕಪಕ್ಕದ ಹೊಲಕ್ಕಿಂತ ತಗ್ಗಾಗಿರತೈತಿ. ಎರಡೂ ಕಡೆ ಕಳ್ಳಿ, ಲಕ್ಕಿ ಗಿಡ. ಸುತ್ತ ಯಾವ ಊರೂ ಇಲ್ಲದ ಕಡೆ ಒಂದ ದೊಡ್ಡ ಬೇವು ಇಲ್ಲಾ ಹುಣಸಿ, ಅದರ ಬುಡಕ್ಕ ಕಟ್ಟಿ, ಹಂತೇಕ ಮೆಟ್ಟಲಿದ್ದ ಬಾವಿ ಕಂಡ್ರ ಅಲ್ಲಿ ಎತ್ತು ಬಿಚ್ಚತಿದ್ರು ಅಂತ ತಿಳ್ಕೋರಿ. ಹೊಲದ ಹೆಸರೂ ಕೇಳ್ರಿ. ಎಂಬತ್ತು ದಾಟಿದ ಹಿರ್ಯಾರು ಇನ್ನೂ ಹೊಲಕ್ಕ ಹಾದಿ ಮ್ಯಾಲ ಹೆಸರಿಟ್ಟು ಕರೀತಾರ.

ಇದು ಬರೇ ಹವ್ಯಾಸ ಅಲ್ಲರಿ. ಹಿಂದ ಹೊಲ ಇದ್ದವ್ರಿಗೆ ಹಾದಿ ಅಂದ್ರ ಹೊಟ್ಟಿ ಪ್ರಶ್ನೆ. ನಮ್ಮ ಭಾಗದಾಗ ಗಂಡ ಇಲ್ಲದ ಒಬ್ಬ ಹೆಣಮಗಳ ಎರಡ ಎಕರೆ ಕಬ್ಬು ನಿಂತಿತ್ತು. ಮುಂದಿನ ಹೊಲದವ್ರು ಹಳೆ ಬಂಡಿ ಹಾದಿ ಹರಗಿ ಬಿಟ್ಟಿದ್ರು. ಟ್ರ್ಯಾಕ್ಟರ್ ಒಳಗ ಬರಾಕ ಆಗಲಿಲ್ಲ. ಮುಂದಿನವ್ರ ಕಬ್ಬು ಹೋಗೂತನಕ ಕಾಯ್ದ್ರು, ಅಷ್ಟ್ರಾಗ ಕಬ್ಬು ಒಣಗಿ ತೂಕ ಹೋತು. ಇಂಥಾ ಜಗಳ ಪ್ರತಿ ಊರಾಗ ಅದಾವ, ತಲಿ ಒಡಿಯೂತನಕ ಹೋಗತಾವ.

ಆದ್ರ ಹಾದಿ ಹರಗಿದ್ರ ಕಾಗದದಾಗಿಂದ ಅಳಿಯಂಗಿಲ್ಲ. ಗ್ರಾಮ ನಕಾಶೆ ತಗದು ನೋಡ್ರಿ. ಜೋಡಿ ಚುಕ್ಕಿ ಗೆರಿ ಬಂಡಿ ದಾರಿ, ಒಂಟಿ ಚುಕ್ಕಿ ಗೆರಿ ಕಾಲು ದಾರಿ. ಕರ್ನಾಟಕ ಭೂ ಕಂದಾಯ ಕಾಯ್ದೆ 1964, ಕಲಂ 67ರ ಪ್ರಕಾರ ಸಾರ್ವಜನಿಕ ದಾರಿ ಸರ್ಕಾರದ್ದು, ಬಾಜೂ ಹೊಲದವ್ರದ್ದಲ್ಲ. ನಕಾಶೆಯಾಗ ಇಲ್ಲದ ದಾರಿ ಆದ್ರೂ 20 ವರ್ಷ ಹಕ್ಕಿನಿಂದ, ತಡಿ ಇಲ್ಲದ ತಿರುಗಾಡಿದ್ರ 1882ರ ಕಾಯ್ದೆಯಾಗ ಅನುಭೋಗದ ಹಕ್ಕು ಕೇಳಾಕ ಬರತೈತಿ. ಇಂಗ್ಲೆಂಡಿನ್ಯಾಗ 1949ರಾಗ ಕಾಯ್ದೆ ಮಾಡಿ ಹಳ್ಳಿ ಕಾಲುದಾರಿ ಎಲ್ಲಾ ನಕಾಶೆಗೆ ಏರಿಸಾಕ ಹಚ್ಚಿದ್ರು. ಅದ ವರ್ಷ ಕೊಲ್ಹಾಪುರ ಸಂಸ್ಥಾನ ಮುಂಬೈ ಪ್ರಾಂತಕ್ಕ ಸೇರಿತು. ನಮ್ಮಲ್ಲಿ ನಕಾಶೆ ಅದಕ್ಕೂ ಮೊದಲ ಇತ್ತು, ಕೊರತಿ ಇರೋದು ಅದನ್ನ ಬಿಚ್ಚಿ ನೋಡೋವ್ರದ್ದು.

ನಾ ಮಾಡೋದು ಇಷ್ಟ: ನಕಾಶೆಯ ಜೆರಾಕ್ಸ್ ಕಿಸೆದಾಗ, ಮೊಬೈಲಿನ್ಯಾಗ ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೇ ನಂಬರ್ ಅದು ತೋರಸತೈತಿ. ಹಾದಿ ಇದ್ದಲ್ಲಿ ಹಸರು, ಮುಚ್ಚಿದ್ದಲ್ಲಿ ಕೆಂಪು ಗೆರಿ ಹೊಡೀತೀನಿ, ಹಿರ್ಯಾರು ಹೇಳಿದ ಹೆಸರು ಬಾಜೂಕ ಬರೀತೀನಿ. ಬ್ಯಾರೇದವ್ರ ಬೆಳಿಯಾಗ ಕಾಲು ಇಡಂಗಿಲ್ಲ, ಯಾರ ಜೋಡಿನೂ ವಾದ ಹಾಕಂಗಿಲ್ಲ. ಶಿವರಾತ್ರಿ ಆದ ಮ್ಯಾಲ ಬಿಸಲು ಏರತೈತಿ, ಅಷ್ಟ್ರಾಗ ನಿಮ್ಮ ಊರಿಂದೂ ಒಂದ ಹಾದಿ ನೋಡ್ರಿ. ಹೋಗುವಾಗ ಒಬ್ಬ ಹಿರ್ಯಾರನ್ನ ಮಾತಾಡಿಸಿ ಹೋಗ್ರಿ, ಮತ್ತ ನಿಮ್ಮ ಕಡೆ ಹಾದಿಯ ಹೆಸರು ಏನಿತ್ತು ಅಂತ ನನಗೂ ಬರೀರಿ.