ರನ್‌ವೇಗೆ ಮುಂಚಿನ ದೂರ

ಗೋವಾದ ದಾಬೋಳಿಯಿಂದ ದುಬೈಗೆ ನೇರ ಅಳೆದರೆ ಸುಮಾರು 2,200 ಕಿ.ಮೀ. ವಿಮಾನಕ್ಕೆ ಮೂರು–ಮೂರೂವರೆ ತಾಸಿನ ದಾರಿ. ಕಾರವಾರದಿಂದ ದಾಬೋಳಿಗೆ ರಸ್ತೆಯಲ್ಲಿ 90 ಕಿ.ಮೀ. ಆಸುಪಾಸು, ಅದಕ್ಕೆ ಎರಡು ತಾಸು, ಚೆಕ್-ಇನ್ನಿಗೆ ಇನ್ನು ಮೂರು ತಾಸು. ಹಾರುವ ಮೊದಲೇ ಹಾರುವುದಕ್ಕಿಂತ ಹೆಚ್ಚು ಹೊತ್ತು ಹೋಗಿರುತ್ತದೆ. ಈ ಕರಾವಳಿಯ ಪ್ರಯಾಣದ ಚರಿತ್ರೆಯನ್ನು ಅಳೆಯಬೇಕಾದದ್ದು ಈ ನೆಲದ ಹೊತ್ತಿನಿಂದಲೇ ಎಂದು ನನ್ನ ನಂಬಿಕೆ.

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆಗ ಮುಂಬಯಿಗೆ ಹಾದಿ ಸಮುದ್ರದ್ದು. ಮಳೆಗಾಲ ಹಿಡಿದರೆ ಆಗಬೋಟಿ ನಿಲ್ಲುತ್ತಿತ್ತು. ಆ ಅನಿಶ್ಚಿತತೆಯನ್ನು ಬಹುಮಟ್ಟಿಗೆ ಕಳೆದದ್ದು 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದ ಕೊಂಕಣ ರೈಲು.

ವಿಮಾನಯಾನ ದೂರ ಮತ್ತು ಹೊತ್ತಿನ ನಂಟನ್ನೇ ಸಡಿಲಿಸಿತು. ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಬಾಗಿದ ಗೆರೆ. ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಅದನ್ನು ಲೆಕ್ಕ ಹಾಕಬಹುದು. ಹೊತ್ತನ್ನು ಮಾತ್ರ ಗಾಳಿ ನಿರ್ಧರಿಸುತ್ತದೆ. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸಾವಿರಕ್ಕೂ ಹೆಚ್ಚು ಕಿ.ಮೀ. ಉದ್ದವಾಯಿತು, ಹಿಂದಿನಿಂದ ತಳ್ಳುವ ಗಾಳಿ ಸಿಕ್ಕಿ ಹೊತ್ತು ಕಡಿಮೆಯಾಯಿತು. ಗಡಿಯಾರದ ತೊಡಕು ಬೇರೆ: ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಸಮಯ, ಆದ್ದರಿಂದ ಹೋಗುವಾಗ ಪ್ರಯಾಣ ಚಿಕ್ಕದಾಗಿಯೂ ಬರುವಾಗ ದೊಡ್ಡದಾಗಿಯೂ ಕಾಣುತ್ತದೆ.

ನೆಲದ ಮೇಲೆ ಇಂಥ ಅನುಕೂಲದ ಗಾಳಿ ಇಲ್ಲ. ಅಂಕೋಲೆಯಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ನೇರ ಅಳೆದರೆ ಸುಮಾರು 115 ಕಿ.ಮೀ.; ಅರಬೈಲ್ ಘಟ್ಟ ಹತ್ತಿ ಹೋಗುವಾಗ ಅದು 140ರ ಸುತ್ತ ಆಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಗೋವಾ ದಾರಿಯಲ್ಲೇ ಕಾಳಿ ನದಿಯ ಹಳೆ ಸೇತುವೆ ಕುಸಿದು, ಎರಡೂ ಕಡೆಯ ವಾಹನಗಳು ಹೊಸ ಸೇತುವೆಯೊಂದರ ಮೇಲೇ ಓಡಬೇಕಾಯಿತು. 2023ರ ಜನವರಿಯಿಂದ ವಿಮಾನ ಹಾರಾಡುತ್ತಿರುವ ಮೋಪಾ ನಮಗೆ ಇನ್ನೂ ದೂರ. ಅದು ಗೋವಾದ ಉತ್ತರದ ತುದಿಯಲ್ಲಿದೆ.

ಆದ್ದರಿಂದಲೇ ಅಂಕೋಲೆಯ ಅಲಗೇರಿಯ ಮೇಲೆ ಇಷ್ಟು ಆಸೆ. ಕಾರವಾರದ ನೌಕಾನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಯ ಎರಡನೇ ಹಂತದಲ್ಲಿ ಅಲ್ಲಿ ನೌಕಾದಳದ 2,700 ಮೀಟರ್ ರನ್‌ವೇ, ಪಕ್ಕದಲ್ಲಿ ನಾಗರಿಕ ಟರ್ಮಿನಲ್ ಎಂಬ ಯೋಜನೆ ಇದೆ. ಅದಕ್ಕಾಗಿ ಹೊಲ, ಮನೆ ಬಿಟ್ಟುಕೊಟ್ಟವರು ಅಲ್ಲಿನವರೇ. ದಾಬೋಳಿಯೂ ನೌಕಾದಳದ ನೆಲವೇ. ಅಲ್ಲಿ ವಾರದ ದಿನಗಳ ಬೆಳಗಿನ ಹೊತ್ತು ಸೇನಾ ಹಾರಾಟಕ್ಕೆ ಮೀಸಲಾಗಿ, ನಾಗರಿಕ ವಿಮಾನಗಳು ಉಳಿದ ಹೊತ್ತಿಗೆ ಒತ್ತರಿಸಿಕೊಂಡವು. ಅಲಗೇರಿಯಲ್ಲಿ ಪ್ರಯಾಣಿಕರಿಗೆ ಸಿಗುವ ತಾಸುಗಳೆಷ್ಟು ಎಂಬುದು ಟರ್ಮಿನಲ್ ಕಟ್ಟುವ ಮೊದಲೇ ಬರಹದಲ್ಲಿ ತೀರ್ಮಾನವಾಗಬೇಕು.