ಮಲೆನಾಡಿನ ದೂರವಾಣಿ: ಪೆಟ್ಟಿಗೆ ಅದೇ, ಬುದ್ಧಿ ಬೇರೆ



ಸಂಘದ ಇಪ್ಪತ್ತೈದು ವರ್ಷಗಳ ಸಾಲ, ಠೇವಣಿ, ಷೇರು ಬಂಡವಾಳದ ವಿವರ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ನಾವು ಇಲ್ಲಿ ಬರೆಯಹೊರಟಿರುವುದು ಕಾರ್ಯದರ್ಶಿಗಳ ಮೇಜಿನ ಮೇಲಿರುವ ಫೋನಿನ ಬಗ್ಗೆ. ಫೋನಿಗೂ ಸಂಘಕ್ಕೂ ಏನು ಸಂಬಂಧ ಅಂತ ಕೇಳುವವರೂ ಇದ್ದಾರು. ಅಡಿಕೆ ಬೆಳೆಗಾರರು ಮಾತ್ರ ಕೇಳಲಾರರು. ಸಾಗರದ ಮಂಡಿಯಲ್ಲಿ ರಾಶಿಗೆ ಎಷ್ಟಾಯ್ತು, ಶಿವಮೊಗ್ಗದಲ್ಲಿ ಬೆಟ್ಟೆಗೆ ಎಷ್ಟು ಎಂಬುದು ಅಂದೇ ಗೊತ್ತಾಗದಿದ್ದರೆ ಅಂಗಳಕ್ಕೆ ಬಂದ ವ್ಯಾಪಾರಿ ಹೇಳಿದ್ದೇ ದರ.

ಹಿಂದೆ ದೂರದೂರಿಗೆ ಮಾತಾಡುವುದೆಂದರೆ ಟ್ರಂಕ್ ಕಾಲ್. ಅಂಚೆ ಕಚೇರಿಗೋ ಪೇಟೆಯ ಎಕ್ಸ್‌ಚೇಂಜಿಗೋ ಹೋಗಿ ಬುಕ್ ಮಾಡಿ ಬೆಂಚಿನ ಮೇಲೆ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ. ಇಂಥವರೇ ಸಿಗಬೇಕು ಎಂದಾದರೆ ಪಿ.ಪಿ. ಕಾಲ್. ಲೈನ್ ಸಿಕ್ಕಿದ ಮೇಲೂ "ಹಲೋ, ಕೇಳ್ತದಾ? ಹಲೋ!" ಎನ್ನುವುದರಲ್ಲೇ ಮೂರು ನಿಮಿಷ ಮುಗಿದುಹೋಗುತ್ತಿತ್ತು. ಮಳೆಗಾಲದಲ್ಲಿ ಮರ ಬಿದ್ದು ಕಂಬದ ತಂತಿ ಹರಿಯಿತೆಂದರೆ ಅದೂ ಇಲ್ಲ. ಆಗುಂಬೆ, ಹುಲಿಕಲ್ ಕಡೆಯ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಕಾಲದ ಸ್ವಯಂಚಾಲಿತ ಎಕ್ಸ್‌ಚೇಂಜುಗಳು ಸ್ಟ್ರೌಜರ್ ಮಾದರಿಯವು. ನಾವು ಡಯಲ್ ತಿರುಗಿಸಿದಂತೆಲ್ಲ ಅಲ್ಲಿ ಒಂದು ಕೈ ಕಟಕಟ ಎಂದು ಮೇಲೇರಿ, ಪಕ್ಕಕ್ಕೆ ತಿರುಗಿ, ಬೇಕಾದ ತಂತಿಯನ್ನು ಮುಟ್ಟುತ್ತಿತ್ತು. ಯಂತ್ರದ ಬುದ್ಧಿಯೆಲ್ಲ ಅದರ ಕಬ್ಬಿಣದಲ್ಲೇ ಇತ್ತು. ಹೊಸ ಸೌಲಭ್ಯವೊಂದು ಬೇಕೆಂದರೆ ಕಬ್ಬಿಣವನ್ನೇ ಬದಲಿಸಬೇಕು, ಇಲ್ಲವೇ ಹೊಸದಾಗಿ ತಂತಿ ಬೆಸೆಯಬೇಕು.

ಇದು ಬದಲಾದ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 1984ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಕ ಶಕ್ತಿ. ದೆಹಲಿ ಮತ್ತು ಬೆಂಗಳೂರಿನಲ್ಲಿ ಕೆಲಸ ನಡೆಯಿತು. ಕೊಟ್ಟ ಹಣ 36 ಕೋಟಿ ರೂಪಾಯಿ, ಕೊಟ್ಟ ಅವಧಿ 36 ತಿಂಗಳು. ವಿದೇಶಿ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳ ಪಟ್ಟಣಗಳಿಗೆ ಹೇಳಿ ಮಾಡಿಸಿದವು. ಅವಕ್ಕೆ ಹವಾನಿಯಂತ್ರಿತ ಕೋಣೆ ಬೇಕು. ಐವತ್ತು ಮನೆಗೆ ಫೋನ್ ಕೊಡಬೇಕಾದ ಹಳ್ಳಿಯಲ್ಲಿ ಅಂಥದನ್ನು ಇಡುವುದು ಹೇಗೆ?

ಸಿ-ಡಾಟ್‌ನವರು ಮೊದಲು ತಯಾರಿಸಿದ್ದರಲ್ಲಿ ಒಂದು 128 ಪೋರ್ಟಿನ ಪಿ.ಬಿ.ಎಕ್ಸ್. ಅಂದ್ರೆ ದೊಡ್ಡ ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಒಳಗೊಳಗೇ ಮಾತಾಡಿಕೊಳ್ಳಲು, ಹೊರಗಿನ ಕರೆಯನ್ನು ಬೇಕಾದ ಮೇಜಿಗೆ ದಾಟಿಸಲು ಇಡುವ ಪೆಟ್ಟಿಗೆ. ಹಳ್ಳಿಯ ಎಕ್ಸ್‌ಚೇಂಜು ಹುಟ್ಟಿದ್ದು ಇದರಿಂದಲೇ. ಬಹುಪಾಲು ಅದೇ ಕಾರ್ಡುಗಳು. ಒಳಗಿನ ಪ್ರೋಗ್ರಾಮನ್ನು ಬದಲಿಸಿ, ಹಳ್ಳಿಗೆ ಬೇಕಾದ್ದನ್ನು ಸೇರಿಸಿದರು. ಕಚೇರಿಯ ಪೆಟ್ಟಿಗೆ ಊರಿನ ಪೆಟ್ಟಿಗೆಯಾಯ್ತು! ಅದಕ್ಕೆ ಎ.ಸಿ. ಬೇಡ, ಕರೆಂಟೂ ಕಡಿಮೆ ಸಾಕು, ಸಣ್ಣ ಕೋಣೆಯೊಂದಿದ್ದರೆ ಆಯಿತು. ರ್‍ಯಾಕ್ಸ್ ಎಂದು ಕರೆದ ಈ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜುಗಳಲ್ಲಿ ಮೊದಲನೆಯದು 1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ರಾಣಿ ಚೆನ್ನಮ್ಮನ ಕಿತ್ತೂರೇ. ತಯಾರಿಕೆಯ ಹಕ್ಕನ್ನು ಒಂದೇ ಕಂಪನಿಗೆ ಕೊಡದೆ ಹಲವರಿಗೆ ಹಂಚಿದ್ದರಿಂದ ದೇಶದ ಮೂಲೆಮೂಲೆಗೂ ಅವು ತಲುಪಿದವು.

ಪ್ರೋಗ್ರಾಮು ಬದಲಿಸುವುದು ಎಂದರೆ ಏನು ಎಂದು ಕೇಳುವ ಹಿರಿಯರಿಗಾಗಿ ಒಂದು ಮಾತು. ಸಣ್ಣ ಎಕ್ಸ್‌ಚೇಂಜಿನಲ್ಲಿ ಕಾರ್ಡಿನ ಮೇಲೆ ಚಿಪ್ಪುಗಳಿರುತ್ತಿದ್ದವು. ಯಾವ ನಂಬರು ಎಲ್ಲಿಗೆ ಹೋಗಬೇಕು, ಕರೆಯನ್ನು ಹೇಗೆ ಎಣಿಸಬೇಕು ಎಂಬ ಆಜ್ಞೆಗಳೆಲ್ಲ ಅದರಲ್ಲಿ. ಹಳೆಯ ಚಿಪ್ಪು ಕಿತ್ತು ಹೊಸದನ್ನು ಕೂರಿಸಿದರೆ ಯಂತ್ರಕ್ಕೆ ಹೊಸ ಬುದ್ಧಿ ಬಂದಂತೆ. ತಾಲ್ಲೂಕು ಕೇಂದ್ರಗಳಲ್ಲಿ ಬೇಕಾಗುವಂಥ ದೊಡ್ಡ ಎಕ್ಸ್‌ಚೇಂಜಿನದು ಬೇರೆ ಬಗೆ. ಅಲ್ಲಿ ಮುಖ್ಯ ಪ್ರೊಸೆಸರುಗಳು ಜೋಡಿಯಾಗಿರುತ್ತವೆ. ಒಂದು ದುಡಿಯುವಾಗ ಇನ್ನೊಂದು ಸಿದ್ಧವಾಗಿ ಕಾಯುತ್ತದೆ, ಜೋಡೆತ್ತಿನಲ್ಲಿ ಒಂದಕ್ಕೆ ಸ್ವಲ್ಪ ವಿಶ್ರಾಂತಿ ಕೊಟ್ಟ ಹಾಗೆ. ಪ್ರೋಗ್ರಾಮು ಬದಲಿಸುವ ಹೊತ್ತು ಸಾಮಾನ್ಯವಾಗಿ ನಡುರಾತ್ರಿ, ಕರೆಗಳು ಕಡಿಮೆ ಇರುವಾಗ. ಮೊದಲು ಗ್ರಾಹಕರ ಬಿಲ್ಲಿನ ಲೆಕ್ಕವನ್ನೂ ನಂಬರುಗಳ ಪಟ್ಟಿಯನ್ನೂ ಬೇರೆ ಕಡೆ ನಕಲು ಮಾಡಿ ಇಟ್ಟುಕೊಳ್ಳಬೇಕು. ಆಮೇಲೆ ಕಾಯುತ್ತಿರುವುದಕ್ಕೆ ಹೊಸ ಪ್ರೋಗ್ರಾಮು ತುಂಬಿ, ಪರೀಕ್ಷೆ ಮಾಡಿ, ಕೆಲಸವನ್ನು ಅದಕ್ಕೆ ವಹಿಸಬೇಕು. ತಪ್ಪಿದರೆ ಹಳೆಯದಕ್ಕೆ ಮರಳುವ ದಾರಿ ಇರಬೇಕು. ಊರು ಬೆಳಿಗ್ಗೆ ಎದ್ದು ಹಾಲಿನ ಡೈರಿಗೆ ಫೋನ್ ಮಾಡುವಾಗ ಏನೂ ಆಗದಂತೆ ಇರಬೇಕು. ಸರಿಯಾಗಿ ಮಾಡಿದ ಕೆಲಸ ಯಾರಿಗೂ ಗೊತ್ತಾಗುವುದೇ ಇಲ್ಲ, ಪಾಪ.

ನಮ್ಮ ಸಂಘಕ್ಕೆ ಗೊತ್ತಾದ ಬದಲಾವಣೆ ಒಂದಿದೆ. ಕೇಂದ್ರದ ದೂರಸಂಪರ್ಕ ಇಲಾಖೆಯ ಸೇವಾ ವಿಭಾಗ ಬಿ.ಎಸ್.ಎನ್.ಎಲ್. ಎಂಬ ನಿಗಮವಾದದ್ದು 2000ದ ಅಕ್ಟೋಬರ್ 1ರಂದು; ಸಂಘಕ್ಕೂ ನಿಗಮಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಸಂಘದ ಮೊದಲ ನಂಬರು ಐದಂಕಿಯದು. 2003ರ ರಾಷ್ಟ್ರೀಯ ಸಂಖ್ಯಾ ಯೋಜನೆಯ ಆಸುಪಾಸಿನಲ್ಲಿ ಎಲ್ಲ ನಂಬರುಗಳ ಮುಂದೆ 2 ಸೇರಿ ಆರಂಕಿಯಾಯಿತು. ಸಾಗರಕ್ಕೆ 08183, ಹೊಸನಗರಕ್ಕೆ 08185, ತೀರ್ಥಹಳ್ಳಿಗೆ 08181. ಮೊದಲಿನ ಸೊನ್ನೆ ಬಿಟ್ಟು ಎಣಿಸಿ, ಆರಂಕಿ ಕೂಡಿಸಿದರೆ ಸರಿಯಾಗಿ ಹತ್ತು. ಕಂಬ, ತಂತಿ, ಮನೆಯ ಫೋನು ಯಾವುದನ್ನೂ ಮುಟ್ಟದೆ ಎಕ್ಸ್‌ಚೇಂಜಿನ ಒಳಗೇ ಮಾಡಿ ಮುಗಿಸಿದ ಕೆಲಸ ಅದು. ನಮಗೆ ಮಾತ್ರ ಖರ್ಚು ಬಿತ್ತು: ರಬ್ಬರ್ ಸ್ಟಾಂಪು, ಲೆಟರ್‌ಹೆಡ್, ರಸೀದಿ ಪುಸ್ತಕ ಎಲ್ಲ ಹೊಸದು!

ಬುದ್ಧಿ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಮುಂಗಾರು ಪೂರ್ವದ ಗುಡುಗು-ಸಿಡಿಲು ಯಾವ ಪ್ರೋಗ್ರಾಮನ್ನೂ ಕೇಳುವುದಿಲ್ಲ. ತಂತಿಯ ಮೇಲೆ ಬಂದ ಸಿಡಿಲು ಲೈನ್ ಕಾರ್ಡನ್ನು ಸುಟ್ಟರೆ ಆ ಕಾರ್ಡಿನಲ್ಲಿದ್ದ ಅಷ್ಟೂ ಮನೆಗಳ ಫೋನು ಮೌನ. ಕರೆಂಟು ಹೋದರೆ 48 ವೋಲ್ಟಿನ ಬ್ಯಾಟರಿ ಸಾಲು ಎಷ್ಟು ಹೊತ್ತು ತಡೆಯುತ್ತದೋ ಅಷ್ಟೇ. ಶರಾವತಿಯ ನೀರಿನಿಂದ ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯಲ್ಲೇ ಈ ಅವಸ್ಥೆ ಎಂಬುದನ್ನು ಹೇಳದಿರಲಾಗದು. "ಎಕ್ಸ್‌ಚೇಂಜ್ ಸರಿ ಉಂಟು ಮಾರಾಯ್ರೆ, ಕೇಬಲ್ ಹೋಗಿದೆ" ಎಂದು ಲೈನ್‌ಮನ್ ಹೇಳುವುದನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ! ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಕಂಬ ಹತ್ತಿದವರೂ ಅವರೇ. ನಮ್ಮ ಅಭಿಪ್ರಾಯದಲ್ಲಿ ಮಲೆನಾಡಿನ ದೂರವಾಣಿ ಇತಿಹಾಸದಲ್ಲಿ ಅವರ ಪಾಲು ಎಂಜಿನಿಯರುಗಳ ಪಾಲಿಗಿಂತ ಕಡಿಮೆಯದಲ್ಲ.

ಮೊಬೈಲು ಬಂದ ಮೇಲೆ ಸ್ಥಿರ ದೂರವಾಣಿ ಒಂದೊಂದೇ ಮನೆಯಿಂದ ಇಳಿಯಿತು. 2020ರ ಜನವರಿ ಕೊನೆಯಲ್ಲಿ ಬಿ.ಎಸ್.ಎನ್.ಎಲ್.ನ ಸುಮಾರು 78 ಸಾವಿರ ನೌಕರರು ಸ್ವಯಂನಿವೃತ್ತಿ ಪಡೆದರು. ಕೇಬಲಿನ ಜಾಡು ಬಲ್ಲ ಅನುಭವಿಗಳೂ ಅವರೊಡನೆ ಹೋದರು. 2021ರ ಜನವರಿ 15ರಿಂದ ಸ್ಥಿರ ಫೋನಿನಿಂದ ಮೊಬೈಲಿಗೆ ಕರೆ ಮಾಡಲು ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ ಬಂದಿತು. ಅದೇ ವರ್ಷ ಕೊರೋನಾದಿಂದ ಶಾಲೆ ಮುಚ್ಚಿ ಮಕ್ಕಳ ಪಾಠ ಫೋನಿಗೆ ಬಂದಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗರು 'ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ' ಎಂದು ಅಭಿಯಾನ ನಡೆಸಿದ್ದು ಸದಸ್ಯರಿಗೆ ನೆನಪಿದೆ. ಟ್ರಂಕ್ ಕಾಲಿಗೆ ಬೆಂಚಿನ ಮೇಲೆ ಕಾದವರ ಮೊಮ್ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಕೂತರು.

2025ರ ಸೆಪ್ಟೆಂಬರ್ 27ರಂದು ಬಿ.ಎಸ್.ಎನ್.ಎಲ್.ನ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾಯಿತು. ಅದರ ಕೇಂದ್ರಭಾಗದ ತಂತ್ರಾಂಶ ಸಿ-ಡಾಟ್‌ನದೇ, ಕಿತ್ತೂರಿನ ಪೆಟ್ಟಿಗೆ ಮಾಡಿದವರದು. ಮುಂದೆ 5ಜಿಗೆ ಹೋಗುವುದೂ ತಂತ್ರಾಂಶ ಬದಲಿಸಿಯೇ ಸಾಧ್ಯವಾಗುವಂತೆ ಅದನ್ನು ರೂಪಿಸಿದ್ದಾರೆ. ಸಂತೋಷದ ಸಂಗತಿ. ಟವರಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಯಾಕೆಂದರೆ ಈಗ ದರ ಕೇಳುವುದಷ್ಟೇ ಫೋನಿನ ಕೆಲಸವಲ್ಲ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಂಘಗಳ ಸಾಲದ ಖಾತೆ, ಗೊಬ್ಬರದ ದಾಸ್ತಾನು ಎಲ್ಲ ತಂತಿಯಾಚೆಗಿನ ಕಂಪ್ಯೂಟರಿಗೆ ಹೋಗುವ ಕಾಲವಿದು. ಲೈನ್ ಹೋದ ದಿನ ಸಾಲ ಕಟ್ಟಲು ಬಂದ ಸದಸ್ಯರನ್ನು "ನಾಳೆ ಬನ್ನಿ" ಎಂದು ಕಳಿಸುವುದು ಸರಿಯಲ್ಲ. ಬಸ್ಸಿಗೆ ದುಡ್ಡು ಕೊಟ್ಟು ಬಂದಿರುತ್ತಾರೆ. ಆದ್ದರಿಂದ ಕಚೇರಿಗೆ ಬೇರೆ ದಾರಿಯಿಂದ ಬರುವ ಎರಡನೇ ಸಂಪರ್ಕ, ಇಡೀ ದಿನ ತಡೆಯುವ ಬ್ಯಾಟರಿ, ಮತ್ತು ದಿನವಹಿ ಕೈಬರಹದ ಪುಸ್ತಕ ಮುಂದುವರಿಸುವುದು, ಈ ಮೂರನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಇಡಲಿದ್ದೇವೆ. ಸದಸ್ಯರು ದಯಮಾಡಿ ಹಾಜರಾಗಿ ಚರ್ಚೆಯಲ್ಲಿ ಭಾಗವಹಿಸಬೇಕಾಗಿ ಕೋರುತ್ತೇವೆ.